ಮಾನವನ ವಯಸ್ಸು: ಆಗಮದ ಗಣನೆ, ವಿಜ್ಞಾನದ ಗಣನೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

  

ಈ ಪುಣ್ಯಪ್ರಸಂಗದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಪ್ರತಿಷ್ಠಾ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷವೇ ತೀರ್ಥರೂಪರ ದವಸದ ಅಂಗಡಿಯಲ್ಲಿ ಕುಳಿತವನು. ಅಳೆಯುವುದು, ತೂಗುವುದು, ಕಿರ್ದಿ ಖಾತೆ ಬರೆಯುವುದು, ಇಷ್ಟೇ ನನ್ನ ವಿದ್ಯೆ. ಸಂಜೆಯ ಸ್ವಾಧ್ಯಾಯದಲ್ಲಿ ಹಿರಿಯರಿಂದ ಕೇಳಿದ್ದು, ಅಂಗಡಿಯ ಬಿಡುವಿನಲ್ಲಿ ಓದಿದ್ದು ನನ್ನ ಬಂಡವಾಳ. ಆದಕಾರಣ ಶಾಸ್ತ್ರದ ಮರ್ಮವನ್ನು ಬಿಡಿಸುವ ಸಾಹಸಕ್ಕೆ ಕೈಹಾಕದೆ, ಎರಡು ಲೆಕ್ಕಗಳನ್ನು ತಮ್ಮ ಮುಂದಿಟ್ಟು, ಅವನ್ನು ನಾವು ಹೇಗೆ ಇಟ್ಟುಕೊಳ್ಳಬೇಕೆಂಬುದರ ಬಗ್ಗೆ ವರ್ತಕನೊಬ್ಬನ ಅಭಿಪ್ರಾಯವನ್ನು ನಿವೇದಿಸುತ್ತೇನೆ.

ನಿನ್ನೆಯ ದಿನ ಇದೇ ಮಂಟಪದಲ್ಲಿ ಶ್ರೀ ಆದಿನಾಥ ಸ್ವಾಮಿಯ ರಾಜ್ಯಾಭಿಷೇಕದ ದೃಶ್ಯವನ್ನು ಕಂಡು ನಾವೆಲ್ಲರೂ ಪುನೀತರಾದೆವು. ಕಲ್ಪವೃಕ್ಷಗಳು ಕ್ಷೀಣಿಸಿ, ಹಸಿದ ಪ್ರಜೆಗಳು ನಾಭಿರಾಜನ ಬಳಿಗೆ ಬಂದುದು, ಕುಮಾರನಾದ ವೃಷಭದೇವನು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದುದು, ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಯನ್ನೂ ಕಲಿಸಿದುದು, ಇವೆಲ್ಲವನ್ನೂ ನೋಡಿದೆವು. ಆ ಆರರಲ್ಲಿ ಐದನೆಯದಾದ ವಾಣಿಜ್ಯದಿಂದಲೇ ನನ್ನಂಥವರ ಸಂಸಾರಗಳು ನಡೆದಿವೆ. ನೋಡುತ್ತ ಕುಳಿತ ಮಕ್ಕಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಇದು ನಡೆದು ಎಷ್ಟು ಕಾಲವಾಯಿತು? ಮನುಷ್ಯನು ಈ ಭೂಮಿಯ ಮೇಲೆ ಎಂದಿನಿಂದ ಇದ್ದಾನೆ?

ಮೊದಲು ನಮ್ಮ ಆಗಮದ ಗಣನೆಯನ್ನು ನೋಡೋಣ. ಜಿನಶಾಸನದಲ್ಲಿ ಸೃಷ್ಟಿಕರ್ತನಿಲ್ಲ. ಲೋಕವು ಅನಾದಿ, ಜೀವವು ಅನಾದಿ. ಆದುದರಿಂದ ಮೊತ್ತಮೊದಲ ಮನುಷ್ಯನೆಂಬುವನೂ ಇಲ್ಲ. ಭರತ ಮತ್ತು ಐರಾವತ ಕ್ಷೇತ್ರಗಳಲ್ಲಿ ಮಾತ್ರ ಕಾಲಚಕ್ರವು ತಿರುಗುತ್ತದೆ. ಹತ್ತು ಕೋಟಾಕೋಟಿ ಸಾಗರೋಪಮದ ಉತ್ಸರ್ಪಿಣಿ, ಅಷ್ಟೇ ಪ್ರಮಾಣದ ಅವಸರ್ಪಿಣಿ, ಇವೆರಡೂ ಕೂಡಿ ಒಂದು ಕಲ್ಪಕಾಲ. ನಾವಿರುವುದು ಇಳಿಗಾಲವಾದ ಅವಸರ್ಪಿಣಿಯಲ್ಲಿ. ಇದರ ಸುಷಮಸುಷಮ ಕಾಲ ನಾಲ್ಕು ಕೋಟಾಕೋಟಿ ಸಾಗರ, ಸುಷಮ ಮೂರು, ಸುಷಮದುಷಮ ಎರಡು. ದುಷಮಸುಷಮವೆಂಬ ನಾಲ್ಕನೆಯ ಕಾಲ ಒಂದು ಕೋಟಾಕೋಟಿ ಸಾಗರಕ್ಕೆ ೪೨,೦೦೦ ವರ್ಷ ಕಡಿಮೆ. ಆ ೪೨,೦೦೦ ವರ್ಷಗಳನ್ನು ದುಷಮ, ಅತಿದುಷಮಗಳೆಂಬ ಕೊನೆಯ ಎರಡು ಕಾಲಗಳು ೨೧,೦೦೦ದಂತೆ ಹಂಚಿಕೊಂಡಿವೆ.

ಕೋಟಾಕೋಟಿ ಎಂದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದ್ದು, ಒಂದರ ಮುಂದೆ ಹದಿನಾಲ್ಕು ಸೊನ್ನೆ. ಸಾಗರವೆಂದರೆ ಹತ್ತು ಕೋಟಾಕೋಟಿ ಪಲ್ಯ. ಪಲ್ಯವನ್ನಾದರೋ ಆಚಾರ್ಯರು ಅಂಕಿಯಿಂದ ಹೇಳದೆ ಉಪಮೆಯಿಂದ ಹೇಳಿದರು. ಒಂದು ಯೋಜನ ಅಗಲ, ಒಂದು ಯೋಜನ ಆಳದ ಹಳ್ಳವನ್ನು ಎಳೆಯ ಕುರಿಮರಿಯ ಕೂದಲಿನ ಅತಿಸೂಕ್ಷ್ಮ ತುಣುಕುಗಳಿಂದ ಕಿಕ್ಕಿರಿಯುವಂತೆ ತುಂಬಿ, ನೂರು ವರ್ಷಕ್ಕೆ ಒಂದರಂತೆ ತೆಗೆದರೆ ಹಳ್ಳ ಬರಿದಾಗಲು ಹಿಡಿಯುವ ಕಾಲ ವ್ಯವಹಾರಪಲ್ಯ. ಆ ತುಣುಕುಗಳ ಸಂಖ್ಯೆಯೇ ೪೫ ಅಂಕಿಗಳಷ್ಟು. ಆಯುಷ್ಯವನ್ನು ಅಳೆಯುವ ಅದ್ಧಾಪಲ್ಯವು ಇದಕ್ಕಿಂತಲೂ ಎಷ್ಟೋ ದೊಡ್ಡದು. ಪೂರ್ವವೆಂಬ ಮಾನವು ಮಾತ್ರ ಅಂಕಿಗೆ ಸಿಕ್ಕುತ್ತದೆ. ಎಂಬತ್ತನಾಲ್ಕು ಲಕ್ಷವನ್ನು ಎಂಬತ್ತನಾಲ್ಕು ಲಕ್ಷದಿಂದ ಗುಣಿಸಿದರೆ ೭೦,೫೬,೦೦೦ ಕೋಟಿ ವರ್ಷ, ಅದೇ ಒಂದು ಪೂರ್ವ. ಆದಿನಾಥ ಸ್ವಾಮಿಯ ಆಯುಷ್ಯ ೮೪ ಲಕ್ಷ ಪೂರ್ವ, ದೇಹೋತ್ಸೇಧ ೫೦೦ ಧನುಸ್ಸು. ಅಲ್ಲಿಂದ ಇಳಿಯುತ್ತ ಇಳಿಯುತ್ತ ನೇಮಿನಾಥ ಸ್ವಾಮಿಗೆ ೧,೦೦೦ ವರ್ಷ, ಪಾರ್ಶ್ವನಾಥ ಸ್ವಾಮಿಗೆ ೧೦೦ ವರ್ಷ, ಮಹಾವೀರ ಸ್ವಾಮಿಗೆ ೭೨ ವರ್ಷ ಆಯುಷ್ಯ ಮತ್ತು ಏಳು ಹಸ್ತಗಳ ಎತ್ತರ.

ಕ್ರಿಸ್ತಪೂರ್ವ ೫೨೭ರಲ್ಲಿ ವೀರನಿರ್ವಾಣವಾಗಿ ಮೂರು ವರ್ಷ ಎಂಟೂವರೆ ತಿಂಗಳು ಕಳೆದ ಮೇಲೆ ಪಂಚಮಕಾಲವು ಪ್ರವೇಶಿಸಿತು. ಅದರ ೨೧,೦೦೦ ವರ್ಷಗಳಲ್ಲಿ ಇಂದಿಗೆ ಎರಡೂವರೆ ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು ಸಂದಿದೆ. ಇಷ್ಟು ದೊಡ್ಡ ಲೆಕ್ಕವನ್ನು ಇಟ್ಟ ಪರಂಪರೆ ಗಣಿತಕ್ಕೆ ಹೆದರಿದ ಪರಂಪರೆಯಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯನೂ, ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ರಚಿಸಿದ ರಾಜಾದಿತ್ಯನೂ ನಮ್ಮವರೇ.

ಬೇರೆ ಮತಗಳವರೂ ತಮ್ಮ ತಮ್ಮ ಗಣನೆಗಳನ್ನು ಮಾಡಿದ್ದಾರೆ. ಯೆಹೂದ್ಯರ ಪಂಚಾಂಗವು ಸೃಷ್ಟಿಯ ವರ್ಷವನ್ನು ಕ್ರಿಸ್ತಪೂರ್ವ ೩೭೬೧ಕ್ಕೆ ಇಡುತ್ತದೆ. ಐರ್ಲೆಂಡಿನ ಧರ್ಮಾಧ್ಯಕ್ಷ ಜೇಮ್ಸ್ ಅಷರ್ ೧೬೫೦ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಕ್ರಿಸ್ತಪೂರ್ವ ೪೦೦೪ ಎಂದನು. ವೈದಿಕ ಪುರಾಣಗಳು ೪೩,೨೦,೦೦೦ ವರ್ಷಗಳ ಚತುರ್ಯುಗವನ್ನೂ ೪೩೨ ಕೋಟಿ ವರ್ಷಗಳ ಕಲ್ಪವನ್ನೂ ಹೇಳುತ್ತವೆ. ಅಷರನ ಲೆಕ್ಕವನ್ನು ಬೈಬಲಿನ ಅಂಚಿನಲ್ಲಿ ಅಚ್ಚುಮಾಡಿದ್ದರಿಂದ ಪಾಶ್ಚಾತ್ಯ ದೇಶಗಳಲ್ಲಿ ಅನೇಕರು ಅದನ್ನು ಧರ್ಮದ ಮಾತೇ ಎಂದು ತಿಳಿದರು. ಮುಂದೆ ಭೂಮಿಯ ಪದರಗಳು ಬೇರೆ ಮಾತನ್ನು ಹೇಳತೊಡಗಿದಾಗ ಅಲ್ಲಿ ಬಹಳ ಕಲಹವಾಯಿತು. ಆ ಕಲಹದ ಕಥೆ ನಮಗೂ ಪಾಠವಾಗಬೇಕು.

ಇನ್ನು ವಿಜ್ಞಾನದ ಗಣನೆ. ವಿಜ್ಞಾನಿಗೆ ಆಪ್ತವಚನವಿಲ್ಲ. ಮಣ್ಣಿನಲ್ಲಿ ಸಿಕ್ಕ ಎಲುಬು, ಕಲ್ಲು, ಬೂದಿ ಇವುಗಳೇ ಅವನ ಸಾಕ್ಷಿಗಳು. ೧೮೬೨ರಲ್ಲಿ ಲಾರ್ಡ್ ಕೆಲ್ವಿನ್ ಎಂದು ಮುಂದೆ ಪ್ರಸಿದ್ಧನಾದ ವಿಜ್ಞಾನಿಯು, ಕಾದ ಗುಂಡು ಆರುವಂತೆ ಭೂಮಿಯು ಆರಿರಬೇಕೆಂದು ಎಣಿಸಿ, ಅದರ ವಯಸ್ಸು ಎರಡು ಕೋಟಿಯಿಂದ ನಲವತ್ತು ಕೋಟಿ ವರ್ಷಗಳ ಒಳಗಿರಬೇಕೆಂದನು. ೧೮೯೬ರಲ್ಲಿ ಬೆಕೆರೆಲ್ ಯುರೇನಿಯಮ್ಮಿನ ಕಿರಣಗಳನ್ನು ಕಂಡುಹಿಡಿದ ಮೇಲೆ ಕಾಲವನ್ನು ಅಳೆಯಲು ಹೊಸ ಮಾನವೊಂದು ದೊರೆಯಿತು. ಆ ಮಾನದಿಂದ ೧೯೫೬ರಲ್ಲಿ ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸನ್ನು ಸುಮಾರು ೪೫೫ ಕೋಟಿ ವರ್ಷವೆಂದು ಗೊತ್ತುಮಾಡಿದನು. ಇಂದಿಗೂ ಅದು ಹೆಚ್ಚುಕಡಿಮೆ ಹಾಗೆಯೇ ನಿಂತಿದೆ.

ಈ ಮಾನದ ರೀತಿ ಹೀಗಿದೆ. ಕೆಲವು ಮೂಲದ್ರವ್ಯಗಳು ತಾವಾಗಿಯೇ ನಿಯತವಾದ ಪ್ರಮಾಣದಲ್ಲಿ ಸವೆಯುತ್ತ ಬೇರೊಂದು ದ್ರವ್ಯವಾಗುತ್ತವೆ. ಜೀವವಿದ್ದ ವಸ್ತುವಿನಲ್ಲಿ ಇಂಗಾಲದ ಒಂದು ಬಗೆ ಇರುತ್ತದೆ. ಜೀವ ಹೋದ ಮೇಲೆ ಅದು ೫,೭೩೦ ವರ್ಷಕ್ಕೆ ಅರ್ಧವಾಗುತ್ತದೆ, ಮತ್ತೆ ೫,೭೩೦ ವರ್ಷಕ್ಕೆ ಆ ಅರ್ಧದ ಅರ್ಧ. ಉಳಿದಿರುವುದನ್ನು ಅಳೆದರೆ ಸತ್ತು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ೧೯೪೯ರಲ್ಲಿ ವಿಲ್ಲಾರ್ಡ್ ಲಿಬ್ಬಿ ಮತ್ತು ಅವರ ಸಂಗಡಿಗರು ಇದನ್ನು ಪ್ರಯೋಗದಿಂದ ತೋರಿಸಿದರು. ಇದು ಸುಮಾರು ೫೦,೦೦೦ ವರ್ಷಗಳವರೆಗೆ ಮಾತ್ರ ನಡೆಯುವ ನಾಣ್ಯ. ಅದಕ್ಕಿಂತ ಹಿಂದಿನದಕ್ಕೆ ಜ್ವಾಲಾಮುಖಿಯ ಬೂದಿಯಲ್ಲಿರುವ ಪೊಟ್ಯಾಸಿಯಮ್ಮು ಆರ್ಗಾನ್ ಆಗುವುದನ್ನು ಅಳೆಯುತ್ತಾರೆ. ಮಣ ತೂಗುವ ತಕ್ಕಡಿಯಲ್ಲಿ ಬಂಗಾರವನ್ನು ತೂಗಲಾಗದು. ಒಂದೊಂದು ಪದಾರ್ಥಕ್ಕೆ ಒಂದೊಂದು ತಕ್ಕಡಿ.

ಹೀಗೆ ಅಳೆದು ಅವರು ಹೇಳುವುದಿಷ್ಟು. ಇಥಿಯೋಪಿಯಾ ದೇಶದಲ್ಲಿ ೧೯೭೪ರಲ್ಲಿ ದೊರೆತ, ಲೂಸಿ ಎಂದು ಹೆಸರಾದ ಅಸ್ಥಿಪಂಜರಕ್ಕೆ ಸುಮಾರು ೩೨ ಲಕ್ಷ ವರ್ಷ. ಅದು ಎರಡು ಕಾಲಿನ ಮೇಲೆ ನಡೆಯುತ್ತಿದ್ದರೂ ನಮ್ಮಂಥ ಮನುಷ್ಯನಲ್ಲ. ನಮ್ಮಂಥ ಮನುಷ್ಯರ ಅತಿ ಪ್ರಾಚೀನ ಎಲುಬುಗಳೆಂದು ಈಗ ಎಣಿಸುವವು ಮೊರಾಕ್ಕೊ ದೇಶದ ಜೆಬೆಲ್ ಇರ್ಹೂದ್ ಎಂಬಲ್ಲಿ ದೊರೆತವು. ೨೦೧೭ರಲ್ಲಿ ಪ್ರಕಟವಾದಂತೆ ಅವಕ್ಕೆ ಸುಮಾರು ಮೂರು ಲಕ್ಷ ವರ್ಷ. ಬೇಸಾಯ ಪ್ರಾರಂಭವಾಗಿ ಹತ್ತು ಹನ್ನೆರಡು ಸಾವಿರ ವರ್ಷ, ಬರವಣಿಗೆ ಪ್ರಾರಂಭವಾಗಿ ಐದು ಸಾವಿರ ವರ್ಷ ಎನ್ನುತ್ತಾರೆ.

ಇದೆಲ್ಲ ಪರದೇಶದ ಮಾತೆಂದು ತಿಳಿಯಬಾರದು. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರವೆಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಅಲ್ಲಿ ಉತ್ಖನನ ಮಾಡಿ, ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಕಮ್ಮಟವನ್ನೇ ಬೆಳಕಿಗೆ ತಂದರು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ಸುಮಾರು ೧೨ ಲಕ್ಷ ವರ್ಷವೆಂದು ಬಂದಿತು. ನಮಗಿಂತ ಹಿಂದಿನ ಮಾನವಜಾತಿಯೊಂದು ಕನ್ನಡನಾಡಿನ ಕಲ್ಲನ್ನು ಒಡೆಯುತ್ತಿತ್ತು ಎಂದಾಯಿತು.

ವಿಜ್ಞಾನದ ಅಂಕಿಗಳು ಬದಲಾಗುತ್ತಿರುತ್ತವೆ ಎಂದು ನಮ್ಮಲ್ಲಿ ಕೆಲವರು ನಗುವುದುಂಟು. ಬದಲಾಗುವುದು ನಿಜ. ಇಥಿಯೋಪಿಯಾದ ಓಮೋ ನದಿಯ ಬಳಿ ೧೯೬೭ರಲ್ಲಿ ದೊರೆತ ತಲೆಬುರುಡೆಗೆ ಮೊದಲು ೧,೩೦,೦೦೦ ವರ್ಷವೆಂದರು, ೨೦೦೫ರಲ್ಲಿ ೧,೯೫,೦೦೦ ಎಂದರು, ೨೦೨೨ರಲ್ಲಿ ೨,೩೦,೦೦೦ಕ್ಕೂ ಕಡಿಮೆಯಿಲ್ಲ ಎಂದರು. ಜೆಬೆಲ್ ಇರ್ಹೂದಿನ ಎಲುಬುಗಳು ೧೯೬೧ರಲ್ಲಿ ಮೊದಲು ಸಿಕ್ಕಾಗ ೪೦,೦೦೦ ವರ್ಷದವೆಂದು ತಿಳಿದಿದ್ದರು. ಆದರೆ ಗಮನಿಸಬೇಕಾದ ಸಂಗತಿ ಒಂದಿದೆ. ತಿದ್ದಿದವರು ಅವರೇ, ತಿದ್ದಿದ್ದನ್ನು ಪ್ರಕಟಿಸಿದವರೂ ಅವರೇ. ಇಂಗ್ಲೆಂಡಿನಲ್ಲಿ ೧೯೧೨ರಲ್ಲಿ ಪಿಲ್ಟ್‌ಡೌನ್ ಮಾನವನೆಂದು ಒಂದು ತಲೆಬುರುಡೆಯನ್ನು ದೊಡ್ಡದಾಗಿ ಮೆರೆಸಿದರು. ನಲವತ್ತೊಂದು ವರ್ಷಗಳ ಮೇಲೆ, ೧೯೫೩ರಲ್ಲಿ, ಅದು ಮನುಷ್ಯನ ಬುರುಡೆಗೆ ಒರಾಂಗುಟಾನಿನ ದವಡೆಯನ್ನು ಜೋಡಿಸಿ, ಹಲ್ಲುಗಳನ್ನು ಅರದಿಂದ ಉಜ್ಜಿ ಮಾಡಿದ ಮೋಸವೆಂದು ಸಿದ್ಧವಾಯಿತು. ಮೋಸವನ್ನು ಬಯಲಿಗೆಳೆದವರು ಧರ್ಮದವರಲ್ಲ, ವಿಜ್ಞಾನಿಗಳೇ. ತನ್ನ ಅಂಗಡಿಯ ಕಳ್ಳತೂಕವನ್ನು ತಾನೇ ಹಿಡಿದುಕೊಡುವ ವರ್ತಕನನ್ನು ನಾವು ಅಪ್ರಾಮಾಣಿಕನೆನ್ನಲಾಗದು.

ಧರ್ಮಬಂಧುಗಳೇ, ಈಗ ಎರಡು ಲೆಕ್ಕಗಳೂ ನಮ್ಮೆದುರಿಗಿವೆ. ಒಂದು ಕೋಟಾಕೋಟಿ ಸಾಗರಗಳ ಮಾತನ್ನಾಡುತ್ತದೆ. ಇನ್ನೊಂದು ಮೂರು ಲಕ್ಷ ವರ್ಷಗಳ ಮಾತನ್ನಾಡುತ್ತದೆ. ಇವೆರಡೂ ತಾಳೆಯಾಗುವುದಿಲ್ಲ. ಅಂತರವು ಸಣ್ಣದೂ ಅಲ್ಲ. ಒಂದು ಪೂರ್ವದ ಕಾಲವೇ ವಿಜ್ಞಾನವು ಭೂಮಿಗೆ ಕೊಡುವ ವಯಸ್ಸಿನ ಹದಿನೈದು ಸಾವಿರ ಪಟ್ಟಿಗಿಂತ ಹೆಚ್ಚು. ಇದನ್ನು ಬಚ್ಚಿಡುವುದರಿಂದ ಪ್ರಯೋಜನವಿಲ್ಲ, ನಮ್ಮ ಮಕ್ಕಳಿಗೆ ಗುಣಾಕಾರ ಬರುತ್ತದೆ.

ಈ ಅಂತರವನ್ನು ಕಂಡಾಗ ನಮ್ಮ ಸಮಾಜದಲ್ಲಿ ಮೂರು ಬಗೆಯ ವರ್ತನೆಗಳು ಕಾಣುತ್ತವೆ. ಕೆಲವರು ವಿಜ್ಞಾನವೆಲ್ಲ ಸುಳ್ಳೆಂದು ತಳ್ಳಿಹಾಕುತ್ತಾರೆ. ಆದರೆ ಅದೇ ಭೌತವಿಜ್ಞಾನದ ಕಿರಣಗಳಿಂದ ತಮ್ಮ ವ್ಯಾಧಿಗೆ ಚಿಕಿತ್ಸೆ ಪಡೆಯುತ್ತಾರೆ. ಕೆಲವರು, ಬಹುಶಃ ತರುಣರು, ಶಾಸ್ತ್ರವೆಲ್ಲ ಕಟ್ಟುಕಥೆಯೆಂದು ಬಸದಿಯ ಮೆಟ್ಟಿಲು ತುಳಿಯುವುದನ್ನೇ ಬಿಡುತ್ತಾರೆ. ಮೂರನೆಯವರು ಎರಡನ್ನೂ ಬಲವಂತವಾಗಿ ಕೂಡಿಸುತ್ತಾರೆ. ಈ ಮೂರನೆಯ ಮಾರ್ಗವು ಭಕ್ತಿಯಂತೆ ಕಾಣುವುದರಿಂದ ಅದರ ಅಪಾಯ ಹೆಚ್ಚು.

ಒಂದು ಉದಾಹರಣೆ ಕೊಡುತ್ತೇನೆ. ಬೃಹದಾಕಾರದ ಮನುಷ್ಯನ ಅಸ್ಥಿಪಂಜರವನ್ನು ಅಗೆದು ತೆಗೆಯುತ್ತಿರುವ ಒಂದು ಚಿತ್ರವು ಮೊಬೈಲ್ ಫೋನುಗಳಲ್ಲಿ ಸುತ್ತುತ್ತಿರುತ್ತದೆ. ತೀರ್ಥಂಕರರ ಕಾಲದ ದೇಹೋತ್ಸೇಧಕ್ಕೆ ಇದೇ ಪ್ರಮಾಣವೆಂದು ಬರೆದು ನಮ್ಮವರೂ ಅದನ್ನು ಹಂಚುತ್ತಾರೆ. ವಾಸ್ತವವಾಗಿ ಅದು ಅಮೆರಿಕದಲ್ಲಿ ಆನೆಯ ಜಾತಿಯ ಪುರಾತನ ಪ್ರಾಣಿಯೊಂದರ ಎಲುಬುಗಳನ್ನು ಅಗೆದ ಸ್ಥಳದ ಛಾಯಾಚಿತ್ರ. ೨೦೦೨ರಲ್ಲಿ ಚಿತ್ರಗಳನ್ನು ಮಾರ್ಪಡಿಸುವ ಒಂದು ಸ್ಪರ್ಧೆಗಾಗಿ ಅದರಲ್ಲಿ ಮನುಷ್ಯನ ಅಸ್ಥಿಪಂಜರವನ್ನು ಸೇರಿಸಲಾಗಿತ್ತು. ಇದೇ ಚಿತ್ರವನ್ನು ಬೇರೆ ಮತಗಳವರು ತಮ್ಮ ಪುರಾಣಪುರುಷರ ಎಲುಬೆಂದು ತೋರಿಸುತ್ತಾರೆ. ಜಿನವಾಣಿಗೆ ಇಂಥ ಸಾಕ್ಷಿಯ ಆಸರೆ ಬೇಕೇ? ಒಬ್ಬ ಬಾಲಕನು ಆ ಚಿತ್ರದ ಸುಳ್ಳನ್ನು ಕಂಡುಕೊಂಡ ದಿನ, ಚಿತ್ರದ ಜೊತೆಯಲ್ಲಿ ಶಾಸ್ತ್ರವನ್ನೂ ಕೈಬಿಡುತ್ತಾನೆ. ಹಾಗೆ ಕೈಬಿಡುವಂತೆ ಮಾಡಿದವರು ನಾವೇ ಆಗುತ್ತೇವೆ. ಬೇಸಾಯಕ್ಕೆ ಹನ್ನೆರಡು ಸಾವಿರ ವರ್ಷವೆಂದು ವಿಜ್ಞಾನ ಹೇಳಿದೆ, ಆದ್ದರಿಂದ ಆದಿನಾಥ ಸ್ವಾಮಿಯ ಕಾಲವೂ ಅದೇ ಎಂದು ಬರೆಯುವವರದೂ ಇದೇ ಬಗೆ. ಅವರು ಶಾಸ್ತ್ರದ ಅಂಕಿಯನ್ನು ಅಳಿಸಿ ವಿಜ್ಞಾನದ ಅಂಕಿಯನ್ನು ಬರೆದು, ಶಾಸ್ತ್ರವೇ ಗೆದ್ದಿತೆಂದು ಸಾರುತ್ತಾರೆ.

ನನ್ನ ತಮ್ಮನ ಮಗಳು ಕಾಲೇಜಿನಲ್ಲಿ ಭೂವಿಜ್ಞಾನವನ್ನು ಓದುತ್ತಿದ್ದಾಳೆ. ಕಳೆದ ಚಾತುರ್ಮಾಸದಲ್ಲಿ ಒಂದು ಸಂಜೆ ಪ್ರವಚನ ಕೇಳಿ ಮನೆಗೆ ಬರುವಾಗ ಅವಳು ನನ್ನನ್ನು ಕೇಳಿದಳು: "ದೊಡ್ಡಪ್ಪ, ಪರೀಕ್ಷೆಯಲ್ಲಿ ಮೂರು ಲಕ್ಷವೆಂದು ಬರೆಯುತ್ತೇನೆ. ಬಸದಿಯಲ್ಲಿ ಕೋಟಾಕೋಟಿಯೆಂದು ಕೇಳುತ್ತೇನೆ. ಎರಡು ಕಡೆಯೂ ಸುಮ್ಮನಿರುತ್ತೇನೆ. ಹೀಗೆ ಸುಮ್ಮನಿರುವುದು ಸುಳ್ಳಾಗುವುದಿಲ್ಲವೇ?" ಸತ್ಯಾಣುವ್ರತದ ಪ್ರಶ್ನೆಯನ್ನೇ ಆ ಮಗು ಕೇಳಿತ್ತು. ಸುಮ್ಮನಿರಬೇಡ, ಎರಡನ್ನೂ ಬಾಯಿಬಿಟ್ಟು ಹೇಳು, ಯಾವುದನ್ನು ಯಾರು ಹೇಳಿದರೆಂಬುದನ್ನೂ ಸೇರಿಸಿ ಹೇಳು ಎಂದೆ. ಹೀಗೆಂದದ್ದು ನನ್ನ ಸ್ವಂತ ಬುದ್ಧಿಯಿಂದಲ್ಲ. ನಮ್ಮ ಆಚಾರ್ಯರೇ ಹಾಕಿಕೊಟ್ಟ ದಾರಿಯದು.

ಅದು ಹೇಗೆಂದು ಅರಿಕೆ ಮಾಡುತ್ತೇನೆ. ವೀರನಿರ್ವಾಣವಾಗಿ ಎಷ್ಟು ವರ್ಷಗಳ ಮೇಲೆ ಶಕರಾಜನು ಬಂದನು ಎಂಬುದಕ್ಕೆ ಯತಿವೃಷಭಾಚಾರ್ಯರ 'ತಿಲೋಯಪಣ್ಣತ್ತಿ'ಯಲ್ಲಿ ಒಂದೇ ಉತ್ತರವಿಲ್ಲ. ೪೬೧ ವರ್ಷವೆಂದು ಒಂದು ಮತ, ೯,೭೮೫ ವರ್ಷ ಐದು ತಿಂಗಳೆಂದು ಒಂದು ಮತ, ೧೪,೭೯೩ ವರ್ಷವೆಂದು ಒಂದು ಮತ, ೬೦೫ ವರ್ಷ ಐದು ತಿಂಗಳೆಂದು ಒಂದು ಮತ. ನಾಲ್ಕನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟಿದ್ದಾರೆ. ಯಾವುದನ್ನೂ ಅಳಿಸಲಿಲ್ಲ. ಒಂಬತ್ತನೆಯ ಶತಮಾನದಲ್ಲಿ 'ಧವಲಾ' ಟೀಕೆಯನ್ನು ರಚಿಸಿದ ವೀರಸೇನಾಚಾರ್ಯರಿಗೂ ಇದೇ ವಿಷಯದಲ್ಲಿ ಮೂರು ಉಪದೇಶಗಳು ದೊರೆತವು. ಅವರು ಮೂರನ್ನೂ ಬರೆದು, ಇವು ಪರಸ್ಪರ ವಿರುದ್ಧವಾದುದರಿಂದ ಮೂರೂ ಸತ್ಯವಾಗಲಾರವು, ಇವುಗಳಲ್ಲಿ ಒಂದೇ ಸತ್ಯವಾಗಿರಬೇಕು, ತಿಳಿದುಕೊಂಡು ಹೇಳತಕ್ಕದ್ದು ಎಂಬ ಅಭಿಪ್ರಾಯವನ್ನು ಕೊಟ್ಟು ಮುಂದೆ ಹೋದರು. ಇನ್ನೂ ಕೆಲವು ಕಡೆ, ಎರಡು ಉಪದೇಶಗಳಲ್ಲಿ ಯಾವುದು ಸರಿಯೆಂದು ನಿರ್ಣಯಿಸುವ ಜ್ಞಾನಿಗಳು ಈಗ ಇಲ್ಲದಿರುವುದರಿಂದ ಎರಡನ್ನೂ ಸಂಗ್ರಹಿಸಿಡಬೇಕು ಎಂದರು. ಷಟ್ಖಂಡಾಗಮದಂತಹ ಮಹಾಗ್ರಂಥಕ್ಕೆ ಟೀಕೆ ಬರೆದ ಮಹಾನುಭಾವರು ತಮಗೆ ನಿರ್ಣಯ ದೊರೆಯದೆಡೆಯಲ್ಲಿ ನಿರ್ಣಯವನ್ನು ಕಲ್ಪಿಸಲಿಲ್ಲ.

ನಮ್ಮ ಪರಂಪರೆಯು ಇನ್ನೂ ದೊಡ್ಡ ಸತ್ಯವೊಂದನ್ನು ಮುಚ್ಚಿಡದೆ ಹೇಳಿಕೊಂಡಿದೆ. ವೀರನಿರ್ವಾಣದ ನಂತರ ೬೮೩ ವರ್ಷಗಳಲ್ಲಿ ಅಂಗಜ್ಞಾನವು ಕ್ರಮೇಣ ಲುಪ್ತವಾಯಿತು ಎಂದು ದಿಗಂಬರ ಆಮ್ನಾಯವೇ ಬರೆದಿಟ್ಟಿದೆ. ಉಳಿದ ಅಂಶವನ್ನು ಧರಸೇನಾಚಾರ್ಯರು ಪುಷ್ಪದಂತ ಭೂತಬಲಿಗಳಿಗೆ ಉಪದೇಶಿಸಿದರು. ಅದೇ ತಾಳೆಗರಿಯಲ್ಲಿ ಮೂಡಬಿದಿರೆಯ ಗುರುಬಸದಿಯಲ್ಲಿ ರಕ್ಷಿತವಾಗಿ ನಮ್ಮ ಕಾಲಕ್ಕೆ ಬಂದಿತು. ತನ್ನ ಭಂಡಾರದಲ್ಲಿ ಇಷ್ಟು ಉಳಿದಿದೆ, ಇಷ್ಟು ಹೋಯಿತು ಎಂದು ಇಷ್ಟು ನೇರವಾಗಿ ಲೆಕ್ಕ ಒಪ್ಪಿಸಿದ ಪರಂಪರೆಯ ಮಕ್ಕಳು ನಾವು. ನಮಗೆ ತಿಳಿಯದುದನ್ನು ತಿಳಿಯದು ಎನ್ನಲು ನಾವೇಕೆ ಅಂಜಬೇಕು?

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದಲ್ಲಿ ಹೇಳಿದೆ. ಅವುಗಳಲ್ಲಿ ನಾಲ್ಕನೆಯದು ಹೀನಾಧಿಕಮಾನೋನ್ಮಾನ, ಅಂದರೆ ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ. ಐದನೆಯದು ಪ್ರತಿರೂಪಕವ್ಯವಹಾರ, ಅಂದರೆ ಅಸಲಿನಂತೆ ಕಾಣುವ ನಕಲಿಯನ್ನು ಸಾಗಿಸುವುದು. ಇವು ಅಕ್ಕಿ ಬೇಳೆಗೆ ಮಾತ್ರ ಸಂಬಂಧಿಸಿದವೆಂದು ನಾನು ತಿಳಿದಿಲ್ಲ. ವಿಜ್ಞಾನದ ಅಂಕಿ ನಮಗೆ ಅನುಕೂಲವಾದಾಗ ಕೊಂಡಾಡಿ, ಪ್ರತಿಕೂಲವಾದಾಗ ಹಳಿದರೆ ಅದು ಎರಡು ಅಳತೆ. ಮಾರ್ಪಡಿಸಿದ ಚಿತ್ರವನ್ನು ಧರ್ಮದ ಹೆಸರಿನಲ್ಲಿ ಹಂಚಿದರೆ ಅದು ನಕಲಿ ಸರಕು.

ಅಂಗಡಿಯಲ್ಲಿ ದಿನದ ಕೊನೆಗೆ ಪೆಟ್ಟಿಗೆಯ ಶಿಲ್ಕು ಕಿರ್ದಿಯೊಡನೆ ತಾಳೆಯಾಗದೆ ಹೋಗುವುದುಂಟು. ಆಗ ಅಪ್ರಾಮಾಣಿಕನು ಇಲ್ಲದ ಖರ್ಚೊಂದನ್ನು ಬರೆದು ಲೆಕ್ಕ ಸರಿಮಾಡುತ್ತಾನೆ. ಪ್ರಾಮಾಣಿಕನು ವ್ಯತ್ಯಾಸದ ಮೊತ್ತವನ್ನು ಅನಾಮತ್ತು ಖಾತೆಗೆ ಹಾಕಿ, ಕಾರಣ ತಿಳಿಯುವವರೆಗೆ ಅದನ್ನು ಮುಂದಕ್ಕೆ ತರುತ್ತಾನೆ. ಅದರಿಂದ ಅಂಗಡಿ ದಿವಾಳಿಯಾಗುವುದಿಲ್ಲ. ಸುಳ್ಳು ಖರ್ಚು ಬರೆಯುತ್ತ ಹೋದ ಅಂಗಡಿ ಮಾತ್ರ ಒಂದು ದಿನ ಬಾಗಿಲು ಹಾಕುತ್ತದೆ.

ಇಲ್ಲಿ ಸ್ಯಾದ್ವಾದದ ಮಾತು ಬರುತ್ತದೆ. ಸ್ಯಾದ್ವಾದವೆಂದರೆ ಯಾರು ಏನೆಂದರೂ ಸರಿ ಎಂದು ತಲೆದೂಗುವುದಲ್ಲ. ಯಾವ ಮಾತನ್ನು ಯಾವ ಅಪೇಕ್ಷೆಯಿಂದ ಆಡಲಾಗಿದೆ ಎಂದು ವಿಚಾರಿಸುವುದು. ಈ ಮಹೋತ್ಸವದಂಥ ಉತ್ಸವಗಳ ಆಹ್ವಾನಪತ್ರಿಕೆಯಲ್ಲಿ ವೀರನಿರ್ವಾಣ ಸಂವತ್ಸರ, ಶಾಲಿವಾಹನ ಶಕ, ಕ್ರಿಸ್ತಶಕ ಎಂದು ಮೂರು ಸಂಖ್ಯೆಗಳಿರುತ್ತವೆ. ದಿನ ಒಂದೇ, ಅಂಕಿ ಮೂರು, ಜಗಳವಿಲ್ಲ. ಎಲ್ಲಿಂದ ಎಣಿಸಿದರೆಂಬುದು ನಮಗೆ ಗೊತ್ತಿರುವುದೇ ಅದಕ್ಕೆ ಕಾರಣ.

ಹಾಗೆಯೇ ಮನುಷ್ಯನೆಂಬ ಮಾತಿನ ಅರ್ಥವನ್ನು ವಿಚಾರಿಸೋಣ. ವಿಜ್ಞಾನಿಯು ಮನುಷ್ಯನೆಂದಾಗ ಒಂದು ಬಗೆಯ ತಲೆಬುರುಡೆ, ಹಲ್ಲು, ವಂಶವಾಹಿಗಳುಳ್ಳ ಶರೀರವನ್ನು ಹೇಳುತ್ತಾನೆ. ಅದು ಪುದ್ಗಲದ ಪರ್ಯಾಯ, ಅದಕ್ಕೆ ಆದಿಯುಂಟು, ಅಂತ್ಯವುಂಟು. ಆಗಮವು ಮನುಷ್ಯನೆಂದಾಗ ಮನುಷ್ಯಗತಿ ನಾಮಕರ್ಮದ ಉದಯದಿಂದ ಜೀವನು ಪಡೆದ ಅವಸ್ಥೆಯನ್ನು ಹೇಳುತ್ತದೆ. ಆ ಜೀವನಿಗೆ ವಯಸ್ಸೇ ಇಲ್ಲ. ಆಗಮವು ಹೇಳುವ ಮನುಷ್ಯರು ಎರಡೂವರೆ ದ್ವೀಪಗಳಲ್ಲಿ, ವಿದೇಹಕ್ಷೇತ್ರದಲ್ಲಿಯೂ ಇರುವವರು. ಗುದ್ದಲಿಯು ಅಗೆಯುವುದು ಈ ನೆಲವನ್ನು ಮಾತ್ರ. ಇಷ್ಟರ ಮಟ್ಟಿಗೆ ಇವು ಎರಡು ಬೇರೆ ಪ್ರಶ್ನೆಗಳಿಗೆ ಕೊಟ್ಟ ಎರಡು ಬೇರೆ ಉತ್ತರಗಳು. ಸೇರಿನಿಂದ ಬಟ್ಟೆಯನ್ನೂ ಗಜದಿಂದ ಎಣ್ಣೆಯನ್ನೂ ಅಳೆದು ಜಗಳವಾಡಬಾರದು.

ಆದರೆ ಇಷ್ಟರಿಂದ ಲೆಕ್ಕ ಪೂರ್ತಿ ತಾಳೆಯಾಯಿತೆಂದು ನಾನು ಹೇಳಲಾರೆ. ಆಗಮವು ಈ ಭರತಕ್ಷೇತ್ರದಲ್ಲಿಯೇ ಇದ್ದ ಮನುಷ್ಯರ ದೇಹದ ಎತ್ತರವನ್ನೂ ಆಯುಷ್ಯದ ವರ್ಷಗಳನ್ನೂ ಹೇಳುತ್ತದೆ. ಅಲ್ಲಿ ಪ್ರಶ್ನೆಯೂ ಒಂದೇ, ಉತ್ತರ ಬೇರೆ. ವೀರಸೇನಾಚಾರ್ಯರು ತೋರಿಸಿದಂತೆ ವಿರುದ್ಧವಾದ ಎರಡು ಏಕಕಾಲದಲ್ಲಿ ಸತ್ಯವಾಗ ಬಾರದು. ಪರಮಾವಧಿ ಜ್ಞಾನಿಗಳು ಇಂದು ನಮ್ಮ ನಡುವೆ ಇಲ್ಲ. ವಿಜ್ಞಾನವಾದರೋ ಮತಿಶ್ರುತಗಳ ವ್ಯಾಪಾರ, ಇಂದ್ರಿಯಗಳಿಗೆ ಯಂತ್ರದ ಸಹಾಯ ಕೊಟ್ಟು ನಡೆಸಿದ ವಿಚಾರ. ಅದು ನಾಳೆ ಇನ್ನೂ ತಿದ್ದಿಕೊಳ್ಳಬಹುದು. ಆದಕಾರಣ ಆ ವ್ಯತ್ಯಾಸವನ್ನು ಅನಾಮತ್ತು ಖಾತೆಯಲ್ಲಿ ಬಹಿರಂಗವಾಗಿ ಇಟ್ಟುಕೊಳ್ಳೋಣ ಎಂಬುದೇ ನನ್ನ ವಿಜ್ಞಾಪನೆ.

ಒಂದು ಅಂಕಿಗೆ ಸಂಶಯ ಬಂದರೆ ಶ್ರದ್ಧೆಯೆಲ್ಲ ಕುಸಿಯುವುದಿಲ್ಲವೇ ಎಂದು ಹಿರಿಯರು ಆತಂಕಪಡುತ್ತಾರೆ. ಅವರ ಆತಂಕಕ್ಕೆ ನನ್ನ ಗೌರವವಿದೆ. ಆದರೆ ಸಮ್ಯಗ್ದರ್ಶನದ ಲಕ್ಷಣವನ್ನು ತತ್ತ್ವಾರ್ಥಶ್ರದ್ಧಾನವೆಂದು ಉಮಾಸ್ವಾಮಿಗಳು ನಿರೂಪಿಸಿದರು. ಜೀವ, ಅಜೀವ, ಆಸ್ರವ, ಬಂಧ, ಸಂವರ, ನಿರ್ಜರಾ, ಮೋಕ್ಷ ಇವು ಏಳು ತತ್ತ್ವಗಳು. ಕ್ರೋಧ ಬಂದಾಗ ಕರ್ಮ ಆಸ್ರವಿಸುತ್ತದೆಯೋ ಇಲ್ಲವೋ, ಕ್ಷಮೆಯಿಂದ ಅದು ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಓಮೋ ನದಿಯವರೆಗೆ ಹೋಗಬೇಕಾಗಿಲ್ಲ. ನಮ್ಮ ನಮ್ಮ ಮನೆಯ ಅಂಗಳದಲ್ಲಿ ದಿನವೂ ಪರೀಕ್ಷಿಸಬಹುದು. ಮನುಷ್ಯಕುಲಕ್ಕೆ ಮೂರು ಲಕ್ಷ ವರ್ಷವಾದರೂ ಅಹಿಂಸೆಯು ಪರಮಧರ್ಮವೇ, ಕೋಟಾಕೋಟಿ ಸಾಗರವಾದರೂ ಪರಮಧರ್ಮವೇ.

ಮತ್ತೊಂದು ಸಂಗತಿಯಲ್ಲಿ ಎರಡು ಲೆಕ್ಕಗಳೂ ನಮಗೆ ಒಂದೇ ಬುದ್ಧಿ ಹೇಳುತ್ತವೆ. ೪೫೪ ಕೋಟಿ ವರ್ಷಗಳ ಭೂಮಿಯಲ್ಲಿ ಮನುಷ್ಯನು ಕಾಣಿಸಿಕೊಂಡದ್ದು ಮೊನ್ನೆ ಮೊನ್ನೆ ಎಂದು ವಿಜ್ಞಾನ ಹೇಳುತ್ತದೆ. ಎಷ್ಟೋ ಗತಿಗಳಲ್ಲಿ ತೊಳಲಿದ ಮೇಲೆ ಮನುಷ್ಯಪರ್ಯಾಯವು ದುರ್ಲಭವಾಗಿ ದೊರೆಯುತ್ತದೆ ಎಂದು ಆಗಮ ಹೇಳುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ನನ್ನ ಪಾಲಿಗೆ ಬರುವುದು ಎಪ್ಪತ್ತೋ ಎಂಬತ್ತೋ ವರ್ಷ. ಅದರಲ್ಲಿ ಐವತ್ತಕ್ಕಿಂತ ಹೆಚ್ಚು ಅಂಗಡಿಯ ಗದ್ದಲದಲ್ಲಿಯೇ ಕಳೆದುಹೋಯಿತು. ಮಹಾವೀರ ಸ್ವಾಮಿಯ ಆಯುಷ್ಯವೂ ೭೨ ವರ್ಷ, ನಮ್ಮ ಆಯುಷ್ಯದಷ್ಟೇ. ಅಷ್ಟರಲ್ಲಿಯೇ ಅವರು ಸಾಧಿಸಿದ್ದನ್ನು ನೆನೆದರೆ, ಹಿಂದಿನ ವರ್ಷಗಳನ್ನು ಎಣಿಸುವುದಕ್ಕಿಂತ ಮುಂದಿನವುಗಳನ್ನು ಎಣಿಸುವುದು ಲೇಸೆನಿಸುತ್ತದೆ.

ಕೊನೆಯದಾಗಿ ಬಸದಿಯ ಆಡಳಿತ ಸಮಿತಿಯವರಲ್ಲಿ ಎರಡು ಪ್ರಾರ್ಥನೆಗಳನ್ನು ಸಲ್ಲಿಸುತ್ತೇನೆ. ಮೊದಲನೆಯದು, ನಮ್ಮ ಪಾಠಶಾಲೆಯಲ್ಲಿ ಕಾಲಚಕ್ರದ ಪಾಠವನ್ನು ಹೇಳುವ ದಿನವೇ ಭೂವಿಜ್ಞಾನದ ಗಣನೆಯನ್ನೂ ಬಲ್ಲವರಿಂದ ಹೇಳಿಸಬೇಕು. ಎರಡರ ನಡುವಿನ ಅಂತರವನ್ನು ಮಕ್ಕಳು ಹೊರಗಿನವರ ಬಾಯಿಂದ ಕೇಳಿ ನಾಚುವುದಕ್ಕಿಂತ ನಮ್ಮ ಬಾಯಿಂದಲೇ ಕೇಳಲಿ. ಎರಡನೆಯದು, ಪ್ರಶ್ನೆ ಕೇಳಿದ ಮಗುವನ್ನು ಗದರಿಸಬಾರದು. ಸಮವಸರಣದಲ್ಲಿ ಗೌತಮ ಗಣಧರರು ಕೇಳುತ್ತಿದ್ದರು, ಶ್ರೇಣಿಕ ಮಹಾರಾಜನು ಕೇಳುತ್ತಿದ್ದನು. ನಮ್ಮ ಪುರಾಣಗಳೆಲ್ಲ ಶ್ರೇಣಿಕನ ಪ್ರಶ್ನೆಯಿಂದಲೇ ಹುಟ್ಟಿದವು. ಈ ನೂತನ ಬಸದಿಯ ಜಗಲಿಯ ಮೇಲೆ ಕುಳಿತು ನಮ್ಮ ಮಕ್ಕಳು ನಿರ್ಭಯವಾಗಿ ಕೇಳುವಂತಾಗಲಿ, ನಾವು ತಿಳಿದಷ್ಟನ್ನು ಸತ್ಯವಾಗಿ ಹೇಳುವಂತಾಗಲಿ.

ಆಗಮವಿರುದ್ಧವಾದ ಮಾತೇನಾದರೂ ಬಂದಿದ್ದರೆ ಪೂಜ್ಯರು ತಿದ್ದಿ ಅನುಗ್ರಹಿಸಬೇಕೆಂದು ಬೇಡಿಕೊಂಡು ವಿರಮಿಸುತ್ತೇನೆ.

ಜೈನಂ ಜಯತು ಶಾಸನಂ.